ಅಪ್ಪನ ಬೈಕಿನ ಸರದಿ

ಅಂದು ಬೆಳಿಗ್ಗೆ ಸರೋವರದಿಂದೆದ್ದ ಮಂಜು ಬುಕೋಬಾ ಪಟ್ಟಣದ ಪೆಟ್ರೋಲ್ ಬಂಕಿನವರೆಗೂ ಹಬ್ಬಿತ್ತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಕೊಕುಶುಬಿರಾ ಜಪಸರ ಎಣಿಸುತ್ತಿದ್ದಳು. ಅಷ್ಟರಲ್ಲಿ ಚರ್ಚಿನ ಉಪದೇಶಿಯಾಗಿದ್ದ ದಿವಂಗತ ಕಗಾರುಕಿಯವರ ಹಳೇ ಬೈಕು ಗುಡುಗುಡಿಸುತ್ತಾ ಬಂತು. ಅವರು ತೀರಿಕೊಂಡ ಮೇಲೆ ಆ ಸದ್ದನ್ನು ಊರು ಕೇಳಿರಲಿಲ್ಲ. ಓಡಿಸುತ್ತಿದ್ದವನು ಹಿರಿಮಗ ಬ್ಯಾಬಾಟೊ. ಹಿಂದೆಯೇ ಕಿರಿಯವನು ಕಮುಗಿಶಾ ಏದುಸಿರು ಬಿಡುತ್ತಾ ಓಡಿಬಂದ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಒಟ್ಟಿಗೆ ಕಂಡು ಕೊಕುಶುಬಿರಾಳ ಬೆರಳು ಜಪಮಣಿಯ ಮೇಲೇ ನಿಂತಿತು.

"ಅಣ್ಣಾ, ಕೊನೆಗೂ ಶುರುವಾಯ್ತಾ? ಏನಾಗಿತ್ತಂತೆ?"

"ಹೊಗೆ ಕೊಳವೆಯೊಳಗೆ ಕಡಜ ಗೂಡು ಕಟ್ಟಿತ್ತು ಕಣೋ. ಅಪ್ಪ ಹಾಸಿಗೆ ಹಿಡಿದಾಗ ಕಟ್ಟಿರಬೇಕು. ಮಣ್ಣು ಬಿರಡೆ ಥರ ಕೂತಿತ್ತು."

"ನಾನು ಟ್ಯಾಂಕಿಗೆ ಮರಳು ಸುರಿದೆ ಅಂದಿದ್ಯಲ್ಲ."

"ಅಂದಿದ್ದೆ. ಇಬ್ಬರೂ ಸರದಿ ಮೇಲೆ ಓಡಿಸಿ ಅಂದ ಅಪ್ಪ ಮೊದಲ ಸರದಿ ನನಗೆ ಕೊಟ್ಟಿದ್ದಕ್ಕೆ ನಿನಗೆ ಹೊಟ್ಟೆಕಿಚ್ಚು ಅಂದ್ಕೊಂಡೆ."

"ಟ್ಯಾಂಕು ಬಿಚ್ಚಿಸಿ ನೋಡಬಾರದಿತ್ತಾ?"

"ನೋಡಿದ್ರೆ ಮರಳಿಲ್ಲ ಅಂತ ಗೊತ್ತಾಗ್ತಿತ್ತಲ್ಲ."

ಕಮುಗಿಶಾ ನಕ್ಕುಬಿಟ್ಟ. "ಒಂದು ಕಡಜಕ್ಕೋಸ್ಕರ ನನ್ನ ಮಗಳ ಮದುವೆಗೂ ಬರಲಿಲ್ಲ ನೀನು."

"ಬರಲಿಲ್ಲ. ಈಗ ಬಂದ್ರೆ ಒಳಗೆ ಕರೀತೀಯಾ?"

"ಸದ್ದು ಕೇಳಿದ ಕೂಡಲೇ ನನ್ನ ಹೆಂಡತಿ ನೆಂಟರಿಗೆ ಅಗಿಯೋಕೆ ಕೊಡೋ ಕಾಫಿಬೀಜ ಬುಟ್ಟಿಗೆ ಹಾಕಿ, ಹೋಗಿ ಭಾವನ್ನ ಕರ್ಕೊಂಡು ಬನ್ನಿ ಅಂದಳು. ಚಪ್ಪಲಿ ಮೆಟ್ಟೋಕೂ ಬಿಡಲಿಲ್ಲ ನೋಡು."

ಬ್ಯಾಬಾಟೊ ತಮ್ಮನ ಬರಿಗಾಲುಗಳನ್ನು ನೋಡಿದ. ಟ್ಯಾಂಕು ತುಂಬಿದ ಮೇಲೆ ಇಳಿದು, ಕೀಲಿಯನ್ನು ತಮ್ಮನ ಅಂಗೈಯಲ್ಲಿಟ್ಟು, ತಾನು ಹಿಂದಿನ ಸೀಟಿನಲ್ಲಿ ಕುಳಿತ.