ಕನ್ನಡಕದ ಕಂಪನಿಯ ಪಾಲುದಾರ

ಈಗ ನಿಮಗೊಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಯಾವ ಊರಿನವನು ಎಂದು ಕೇಳಬೇಡಿ. ಊರು ಹೇಳಿದರೆ ನೀವು ಅವನ ಮನೆ ಹುಡುಕುತ್ತೀರಿ, ನಿಮ್ಮ ಮನೆ ಮರೆಯುತ್ತೀರಿ.

ಈ ಶ್ರೀಮಂತನಿಗೆ ಕಡಲಾಚೆಯ ದೇಶದ ಒಂದು ಕನ್ನಡಕದ ಕಂಪನಿಯಲ್ಲಿ ಷೇರುಗಳಿದ್ದವು. ಕಂಪನಿ ಇವನದೇನಲ್ಲ ಮತ್ತೆ. ಇಡೀ ಕಂಪನಿ ಒಂದು ಸಜ್ಜೆ ರೊಟ್ಟಿ ಎಂದುಕೊಂಡರೆ ಇವನ ಪಾಲು ಅದರ ಮೇಲಿನ ಒಂದು ಎಳ್ಳುಕಾಳು. ಮಾತು ಮಾತ್ರ 'ನಮ್ಮ ಕಂಪನಿ'. ಆ ದೇಶಕ್ಕೆ ಕಾಲಿಟ್ಟವನಲ್ಲ, ಆ ಕಂಪನಿಯ ಬಾಗಿಲು ಕಂಡವನಲ್ಲ. ಕುಳಿತಲ್ಲಿಗೇ ವರ್ಷಕ್ಕೊಮ್ಮೆ ಲಾಭದ ಪಾಲು ಡಾಲರಿನಲ್ಲಿ ಬರುತ್ತಿತ್ತು. ಅದನ್ನು ಸರ್ಕಾರಕ್ಕೆ ತೋರಿಸಿ ತೆರಿಗೆಯನ್ನೂ ಕಟ್ಟುತ್ತಿದ್ದ. ನೋಡಿ, ಅದರಲ್ಲಿ ತಪ್ಪಿಲ್ಲ. ಪ್ರಾಮಾಣಿಕ ಮನುಷ್ಯ. ನಾನು ಅವನನ್ನು ಬೈಯಲು ನಿಂತಿಲ್ಲ, ಸ್ವಲ್ಪ ಕಾಲೆಳೆಯುತ್ತಿದ್ದೇನೆ ಅಷ್ಟೆ.

ಬೆಳಿಗ್ಗೆ ಮುಖ ತೊಳೆಯುವ ಮೊದಲು ಮೊಬೈಲು ತೆರೆದು ಆ ದೇಶದ ಷೇರು ಪೇಟೆ ನೋಡುವುದು ಅವನ ನಿತ್ಯಪೂಜೆ. ಕಂಪನಿಯವರು ಕಳಿಸಿದ ವರದಿಯನ್ನು ಊಟಕ್ಕೆ ಕುಳಿತಾಗ ಹೆಂಡತಿಗೆ ಓದಿ ಹೇಳುತ್ತಿದ್ದ.

"ಈ ವರ್ಷ ಎರಡು ಕೋಟಿ ಮಂದಿಗೆ ನಮ್ಮ ಕಂಪನಿ ಕಣ್ಣು ಕೊಟ್ಟೈತಿ ನೋಡು."

ಹೀಗೆ ಓದುತ್ತಿದ್ದಾಗಲೇ ಅನ್ನದಲ್ಲಿ ಸಣ್ಣ ಕಲ್ಲಿನ ಹಳ್ಳೊಂದು ಹಲ್ಲಿಗೆ ಸಿಕ್ಕಿತು. ಮೊನ್ನೆಯೂ ಸಿಕ್ಕಿತ್ತು, ನಿನ್ನೆಯೂ ಸಿಕ್ಕಿತ್ತು. ಶ್ರೀಮಂತನಿಗೆ ಸಿಟ್ಟು ಬಂತು.

"ಅಕ್ಕಿ ಹಸನ ಮಾಡುವಾಗ ಧ್ಯಾನ ಎಲ್ಲಿರ್ತೈತಿ ನಿನಗ? ಇನ್ನೊಂದು ಹಳ್ಳು ಸಿಕ್ಕರ ಅಡಿಗಿಗೆ ಬ್ಯಾರೆಯವರನ್ನ ಇಡ್ತೀನಿ."

ಅವನಿಗೆ ಅದೊಂದು ಮಾತು. ಆಕೆಗೆ? ಮೂವತ್ತು ವರ್ಷ ಆ ಮನೆಯ ಒಲೆ ನೋಡಿಕೊಂಡವಳು. ಬೀಗರು, ಬಿಜ್ಜರು, ಮಠದ ಅಯ್ಯನವರು, ಎಲ್ಲರೂ ಉಂಡು ಹೊಗಳಿದ ಕೈ. ಆ ಕೈ ಇನ್ನು ಮುಂದೆ ಮಡಿಲಲ್ಲಿ ಸುಮ್ಮನೆ ಕೂರಬೇಕೇ? ಮರುದಿನದಿಂದ ಆಕೆ ಅಕ್ಕಿಯ ಮೊರವನ್ನು ಅಂಗಳದ ಬಿಸಿಲಿಗೆ ತಂದು ಎರಡೆರಡು ಸಲ ಆರಿಸತೊಡಗಿದಳು. ಶ್ರೀಮಂತ ಅದನ್ನು ಕಂಡು, ಬೈದದ್ದು ಕೆಲಸ ಮಾಡಿತು ಎಂದು ಒಳಗೊಳಗೇ ಬೀಗಿದ. ಜಾಣ ಅಲ್ಲವೇ?

ಅಷ್ಟರಲ್ಲಿ ಆ ವರ್ಷದ ಲಾಭದ ಕಾಗದ ಬಂತು. ಅವನದೊಂದು ಪದ್ಧತಿ ಇತ್ತು. ಆ ಕಾಗದವನ್ನು ದೇವರ ಜಗಲಿಯ ಮೇಲಿಟ್ಟು, ಅದರ ಮೂಲೆಯಲ್ಲಿದ್ದ ಕಂಪನಿಯ ಗುರುತಿಗೆ, ಒಂದು ಪುಟ್ಟ ಕಣ್ಣಿನ ಚಿತ್ರ ಅದು, ಹೆಂಡತಿಯ ಕೈಯಿಂದ ಕುಂಕುಮ ಹಚ್ಚಿಸುವುದು. ಪ್ರತಿ ವರ್ಷ ಕಾಗದ ಇಡುತ್ತಿದ್ದವನು ಅವನೇ. ಈ ಸಲ ಮೊಬೈಲು ಬಿಡಲಾಗದೆ ಆಕೆಯ ಕೈಗೇ ಕೊಟ್ಟ. ಆಕೆ ಕಾಗದವನ್ನು ತಲೆಕೆಳಗಾಗಿ ಇಟ್ಟು, ಬೆರಳಿನಿಂದ ಅಂಚು ತಡವಿ, ಖಾಲಿ ಜಾಗಕ್ಕೆ ಭಕ್ತಿಯಿಂದ ಕುಂಕುಮ ಹಚ್ಚಿದಳು.

"ಏನಿದು? ಚಿತ್ರ ಕಾಣವಲ್ದೇನು?"

"ಆ ಚಿತ್ರ ಕಾಣದಾಗಿ ಎರಡು ವರ್ಷ ಆತ್ರಿ. ಅಂದಾಜಿನ ಮ್ಯಾಲೆ ಹಚ್ಚಾಕತ್ತೀನಿ. ಅಕ್ಕ್ಯಾಗಿನ ಹಳ್ಳೂ ಬೆರಳಿಗೆ ಹತ್ತಿದಷ್ಟೇ ತೆಗೀತೀನಿ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ದೆ. ನೀವು ಎರಡು ಕೋಟಿ ಮಂದಿ ಕಣ್ಣಿನ ಸುದ್ದಿ ಓದಾಕತ್ತಿದ್ರಿ. ಆಮ್ಯಾಲೆ ನೋಡೂಣು ಅಂದ್ರಿ."

ಶ್ರೀಮಂತ ಕೈಯಲ್ಲಿದ್ದ ಮೊಬೈಲು ಕೆಳಗಿಟ್ಟ. ಅವನಿಗೆ ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು. ಅಂದೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮೂರನೇ ದಿನ ಕನ್ನಡಕ ಬಂತು. ಆಕೆ ಅದನ್ನು ಹಾಕಿಕೊಂಡು ಮೊದಲು ನೋಡಿದ್ದು ಮೊರದಲ್ಲಿದ್ದ ಅಕ್ಕಿಯನ್ನು.

"ಇಷ್ಟು ಹಳ್ಳು ತಿನಿಸೀನೇನ್ರಿ ನಿಮಗ?" ಎಂದಳು. ಆಕೆಗೆ ನಗುವೂ ಬಂತು, ಅಳುವೂ ಬಂತು. ಅವನಿಗೆ ಅಳು ಮಾತ್ರ ಬಂತು. ಪಕ್ಕದಲ್ಲಿ ಕುಳಿತು ಹಳ್ಳು ಆರಿಸತೊಡಗಿದ.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಗುತ್ತಿದ್ದೀರಿ. ನಮ್ಮ ಹತ್ತಿರ ಪರದೇಶದ ಷೇರಿಲ್ಲ ಎಂದು ನಗುತ್ತಿದ್ದೀರೋ? ಮೂರನೇ ಸಾಲಿನ ಯಜಮಾನರೇ, ಆ ಮೊಬೈಲು ಜೇಬಿಗೆ ಹಾಕಿಕೊಳ್ಳಿ. ಅಲ್ಲಿಯ ಪೇಟೆ ತೆರೆಯಲು ಇನ್ನೂ ಹೊತ್ತಿದೆ. ದೂರದಿಂದ ಬರುವ ದುಡ್ಡು ಬರಲಿ, ಬೇಡ ಎನ್ನುವುದಿಲ್ಲ. ಆದರೆ ಅಷ್ಟು ದೂರ ನೋಡುವವರು ತಾಟಿನ ಆಚೆ ನಿಂತವರನ್ನು ನೋಡಲಾರಿರಾ?

ನಾಳೆ ಬೆಳಿಗ್ಗೆ ಪೇಟೆ ನೋಡುವ ಮೊದಲು ಸೂಜಿ, ದಾರ ತೆಗೆದುಕೊಂಡು ಅಡಿಗೆಮನೆಗೆ ಹೋಗಿ. ಪೋಣಿಸಿಕೊಡು ಎಂದು ಹೆಂಡತಿಯನ್ನು ಕೇಳಿ. ಪೋಣಿಸಿಕೊಟ್ಟರೆ ನಿಮ್ಮ ಅಂಗಿಯ ಗುಂಡಿ ನೀವೇ ಹಚ್ಚಿಕೊಳ್ಳಿ. ಪೋಣಿಸಲು ಆಗದಿದ್ದರೆ ಅಂದು ನಿಮ್ಮ ಅಂಗಡಿಯ ಬಾಗಿಲು ತೆರೆಯಬೇಡಿ, ಆಕೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇನ್ನು ಇವತ್ತು ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಅನ್ನದಲ್ಲಿ ಹಳ್ಳು ಸಿಕ್ಕರೆ, ಬೈಯುವ ಮೊದಲು ಮುಖವೆತ್ತಿ ಬಡಿಸಿದವರ ಕಣ್ಣು ನೋಡಿ.