ಸುಂಕ ಇಳಿಸಬಾರದು ಅನ್ನೋ ಸಾಲು

ಅಯ್ಯ, ಲಂಚ ಅಂತ ಯಾರಂದ್ರು? ಆ ಮಾತು ಬಾಯಾಗ ತರಬ್ಯಾಡ ಶಿವಲೀಲಾ! ಅವರು ರಾಯಭಾರ ಕಚೇರಿಯೋರು... ಒಂದು ದೇಶದ ಸರ್ಕಾರ ಅಂದ್ರ ಸಣ್ಣ ಮಾತೇನು? ನಾನು ನಿಮ್ಮವ್ವನ ತಮ್ಮ. ನಿನಗ ಕೆಟ್ಟದ್ದು ಹೇಳಾಕ ಹರಪನಹಳ್ಳಿಯಿಂದ ಈ ಬಿಸಿಲಾಗ ಉಚ್ಚಂಗಿದುರ್ಗದ ತನಕ ಬರ್ತೀನೇನು? ಕುಂದ್ರು. ನಿಂತಕಂಡು ಯಾಕ ಕೇಳ್ತಿ, ಕುಂದ್ರವಾ.

ಯಾಕ ನಗ್ತಿ?

ಹೌದವಾ, ಎಂಪಿ ಸಾಹೇಬ್ರ ಬೆನ್ನಿಗಿರೋನು ನಾನು, ಭಾಷಣ ಬರಿಯಾಕಿ ನೀನು. ನೀ ಬರೆದದ್ದನ್ನ ಸೋಮವಾರ ದಿಲ್ಲಿಯಾಗ ಸಂಸತ್ತಿನ ಸಮಿತಿ ಮುಂದ ಸಾಹೇಬ್ರು ಓದ್ತಾರ. ಅದಕ್ಕ ಬಂದೀನಿ. ಹೊರದೇಶದಿಂದ ಬರೋ ಕುರಿಮಾಂಸದ ಮ್ಯಾಲಿನ ಸುಂಕ ಇಳಿಸಬಾರದು ಅಂತ ಬರದೀಯಲ್ಲ... ಅದೊಂದು ತೆಗಿ. ಒಂದ ಸಾಲು!

ರಾಯಭಾರ ಕಚೇರಿಯೋರು ಹೆಂಗ ಮಾಡ್ತಾರ ಹೇಳ್ತೀನಿ ಕೇಳು. ಏನೂ ಕೇಳಂಗಿಲ್ಲ ಅವರು. ಮೊದಲು ಊಟಕ್ಕ ಕರೆದ್ರು. ಸಾಹೇಬ್ರ ಪಕ್ಕ ಕುಂತ ಅಧಿಕಾರಿ, ಆ ಬಿಳೇ ಮನಷ್ಯಾ, ನಿಮ್ಮ ಕೊಟ್ಟೂರ ಮಂಡಕ್ಕಿ ಮಿರ್ಚಿ ಚಲೋ ಇರ್ತಾವಂತಲ್ಲ ಅಂದ! ಸಾಹೇಬ್ರು ಕರಗಿಬಿಟ್ರು. ಆಮ್ಯಾಲ ಎರಡು ದೇಶದ ಸಂಸದರ ಗೆಳೆತನದ ಕೂಟ ಅಂತ ಒಂದು ಕಟ್ಟಿದ್ರು, ಅದಕ್ಕ ಸಾಹೇಬ್ರನ್ನ ಅಧ್ಯಕ್ಷ ಮಾಡಿದ್ರು. ಆಮ್ಯಾಲ ಅಧ್ಯಯನ ಪ್ರವಾಸ... ನಾನೂ ಹೋಗಿದ್ದೆ. ಹಸರ ಗುಡ್ಡ, ಗುಡ್ಡದ ತುಂಬ ಕುರಿ. ಮರಿ ಎತ್ತಿಕೊಂಡು ಫೋಟೋ ಹೊಡಿಸಿಕೊಂಡ್ರು ಸಾಹೇಬ್ರು. ಒಂದು ಸಲನಾದ್ರೂ ಸುಂಕ ಅಂದ್ರೇನು ಅವರು? ಇಲ್ಲ! ವಿಮಾನದಾಗ ಬರೋವಾಗ ಸಾಹೇಬ್ರ ತಾವಾಗಿ ಅಂದ್ರು, ಇಂಥಾ ಒಳ್ಳೇರಿಗೆ ನಾವು ಏನಾರ ಮಾಡಬೇಕಲ್ಲೋ ಜಂಬಯ್ಯ ಅಂತ.

ಹಂಗಾರ ಸಾಹೇಬ್ರ ತೆಗೀಲಿ ಅಂತಿ? ಹೆಂಗ ತೆಗೀತಾರ? ಇಲ್ಲೇ ನಮ್ಮ ಅರಸೀಕೆರೆಯಾಗ ಕುರಿಗಾರರ ಮುಂದ ನಿಂತು ಮಾತು ಕೊಟ್ಟಾರ. ಕಾಗದದಾಗ ಇಲ್ದಿದ್ರ ಮಾತ್ರ ಓದಂಗಿಲ್ಲ. ಯಾರೂ ಕೇಳಂಗಿಲ್ಲ. ನಿಂದೂ ತಪ್ಪಲ್ಲ, ಅವರದೂ ತಪ್ಪಲ್ಲ.

ನಿಮ್ಮಪ್ಪನ ಕುರಿ ಹಿಂಡಾ? ಹಿಂಡಿಗೇನಾಗ್ತೈತಿ... ಇರ್ತೈತಿ. ರೇಟು ಒಂಚೂರು ಬೀಳಬಹುದು. ನನ್ನ ಮಾರಿ ನೋಡಬ್ಯಾಡ ಹಂಗ. ನನಗೇನು ಸಿಗ್ತೈತಿ ಇದರಾಗ? ಏನೂ ಇಲ್ಲ!

ನಿನ್ನ ತಮ್ಮನ ಸಲುವಾಗಿ ಅಂತೀನಿ ನಾನು. ಬೀರಲಿಂಗೇಶ ಅದ ದೇಶದಾಗ ಅದಾನ, ಮರೀಬ್ಯಾಡ. ಕುರಿ ತುಪ್ಪಟ ಕತ್ತರಿಸೋ ಕೆಲಸ, ಬೆಚ್ಚಗಿನ ಮನಿ... ಯಾರು ಕೊಡಿಸಿದ್ರು? ಅವರ ಕೊಡಿಸಿದ್ರು. ವೀಸಾ ಅವರ ಕೈಯಾಗ ಐತಿ. ಹೆದರಸಾಕ ಹತ್ತಿಲ್ಲವಾ ನಾನು! ಇದ್ದದ್ದು ಹೇಳಾಕ ಹತ್ತೀನಿ. ಅವರು ಸಿಟ್ಟಾಗಂಗಿಲ್ಲ, ಬೈಯಂಗಿಲ್ಲ. ಒಂದು ದಿನ ಸುಮ್ನ ಒಂದು ಬಾಗಲಾ ಮುಚ್ಚಿಬಿಡ್ತಾರ, ಅಷ್ಟ.

ನಿನ್ನೆನ ಫೋನ್ ಮಾಡಿದ್ದ ನನಗ. ಅರಾಮ ಅದೀನಿ ಮಾವ, ಥಂಡಿ ಭಾಳ ಐತಿ, ಅಕ್ಕಗ ತಿಳಿಸಿ ಹೇಳು ಅಂದ. ಹೂಂ, ನಿನ್ನೆನ. ಸಂಜಿಮುಂದ.

...



ಬ್ಯಾರೆ ಏನಂದ ಅಂತ ಕೇಳವಾ. ಉಂಡಾನೋ ಇಲ್ಲೋ, ಯಾವಾಗ ಬರ್ತಾನಂತ... ಯಾವ ಅಕ್ಕನಾದ್ರೂ ಕೇಳ್ತಾಳ. ನೀ ಯಾಕ ಕೇಳವಲ್ಲಿ? ಶಿವಲೀಲಾ? ಬೈಯಿ ಬೇಕಾದ್ರ, ಎದ್ದು ಹೋಗು ಅನ್ನು. ಹಿಂಗ ಸುಮ್ನ ಕುಂದ್ರಬ್ಯಾಡ.

ಒಳಮನಿ ಕಡಿ ಯಾಕ ನೋಡ್ತಿ? ಯಾರದಾರ ಒಳಗ? ...ಯಾರು ಕೆಮ್ಮಿದ್ದು?

ಬೀರಾ!

ನೀ... ನೀ ಯಾವಾಗ ಬಂದಿ? ಅಲ್ಲ, ನಿನ್ನೆ ಫೋನು... ಬಾರೋ, ಹೊರಗ ಬಾ, ಹಂಗ ಬಾಗಲದಾಗ ನಿಲ್ಲಬ್ಯಾಡ. ಏನಂದಿ ಶಿವಲೀಲಾ? ನನಗ ಗೊತ್ತಿತ್ತೇನಂತ?

ಗೊತ್ತಿತ್ತು. ಹೌದು, ಹೋದ ವಾರ ಇವನ ವೀಸಾ ರದ್ದು ಮಾಡಿದ್ದು ನನಗ ಗೊತ್ತಿತ್ತು. ಆ ಬಿಳೇ ಮನಷ್ಯಾನ ಫೋನ್ ಮಾಡಿ ಹೇಳಿದ. ನಗನಗತಾ ಹೇಳಿದವಾ... ಇದು ಮೊದಲನೇದು ಅಂದ. ಇವನ್ನ ವಾಪಸ್ ಕಳಿಸ್ತಾರ ಅಂದ್ರ ನೀ ಇನ್ನೂ ಹಟ ಮಾಡ್ತಿ, ಅಲ್ಲೇ ಅದಾನ ಅಂದ್ರ ಕೇಳ್ತಿ ಅಂತ ಸುಳ್ಳು ಹೇಳಿದೆ.

ಯಾಕ ಹಂಗ ನೋಡ್ತಿ? ಎರಡನೇದು ಯಾರು ಅಂತೇನು?

ನನ್ನ ಮಗಳು ಕೀರ್ತನಾ ಬೆಂಗಳೂರಾಗಿಲ್ಲ. ಸುಳ್ಳು ಹೇಳಿದ್ದೆ ನಿಮಗೆಲ್ಲ. ಅವರ ದುಡ್ಡಿನಾಗ, ಅವರ ದೇಶದಾಗ ಓದಾಕ ಹತ್ಯಾಳ. ಮೊನ್ನೆಯಿಂದ ಅಕಿ ಫೋನ್ ಹತ್ತವಲ್ದು.

ಶಿವಲೀಲಾ... ಒಂದ ಸಾಲವಾ...