ಅಂದಾಜಿನ ಕಾಲಂ ಮತ್ತು ಅಜ್ಜನ ರಬ್ಬರು

ಕೇಂದ್ರ ಸರ್ಕಾರದ ಕಡತಗಳಿಗೆ ಮೂವತ್ತನಾಲ್ಕು ವರ್ಷ ಸಹಿ ಹಾಕಿ, ಇಂದು ನಮ್ಮ ಸಭೆಗೆ ಅಧ್ಯಕ್ಷರಾಗಿ ಕುಳಿತಿರುವ ಅಶ್ವತ್ಥನಾರಾಯಣ ಅವರೇ, ನಾಲ್ಕನೇ ತರಗತಿಯ ಗಣಿತದ ಟೀಚರ್ ಲೀಲಾವತಿ ಮೇಡಂ ಅವರೇ, ಶನಿವಾರದ ಮಧ್ಯಾಹ್ನದ ನಿದ್ದೆಯನ್ನು ಬಿಟ್ಟು ಬಂದಿರುವ ತಂದೆತಾಯಿಯರೇ, ಅಜ್ಜ ಅಜ್ಜಿಯರೇ, ಹಿಂದಿನ ಸಾಲಿನಲ್ಲಿ ಸುಮ್ಮನಿರುವಂತೆ ನಟಿಸುತ್ತಿರುವ ಮಕ್ಕಳೇ, ಸಭಿಕರೇ.

ನಾನು ಸುಧಾಕರ. ಇದೇ ದೆಹಲಿಯ ರೋಹಿಣಿಯಲ್ಲಿ ಹೋಟೆಲು ನಡೆಸುವವನು. ನಿಮ್ಮಲ್ಲಿ ಅರ್ಧಕ್ಕರ್ಧ ಜನ ನನ್ನ ಇಡ್ಲಿ ತಿಂದಿದ್ದೀರಿ, ಉಳಿದವರು ಚೆನ್ನಾಗಿಲ್ಲ ಎಂದು ಕೇಳಿದ್ದೀರಿ. ಇದೇ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ಹರ್ಷಿಣಿ ನನ್ನ ಮೊಮ್ಮಗಳು. ಮಕ್ಕಳು ಈ ವರ್ಷ ಏನು ಕಲಿಯುತ್ತಾರೆ, ಮನೆಯವರು ಹೇಗೆ ನೆರವಾಗಬಹುದು ಎನ್ನುವುದರ ಬಗ್ಗೆ ಹತ್ತು ನಿಮಿಷ ಮಾತನಾಡಬೇಕೆಂದು ಲೀಲಾವತಿ ಮೇಡಂ ಹೇಳಿದ್ದಾರೆ. ಇದು ಗೌರವವಲ್ಲ ಸ್ವಾಮಿ, ಶಿಕ್ಷೆ. ಯಾವ ತಪ್ಪಿಗೆ ಎನ್ನುವುದನ್ನು ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಅರಿಕೆ. ಫೋನು ಬಂದ್ ಮಾಡಿ ಎಂದು ಅಧ್ಯಕ್ಷರು ಹೇಳಿದರು. ನಾನು ಸದ್ದು ಮಾತ್ರ ಅಡಗಿಸಿದ್ದೇನೆ. ಅದು ಜೇಬಿನಲ್ಲಿ ಆಗಲೇ ಒಂದು ಸಲ ನಡುಗಿತು. ಯಾರ ಕರೆ ಎಂದು ನೋಡಬೇಕಾಗಿಲ್ಲ. ನನ್ನ ಮಗ, ಹರ್ಷಿಣಿಯ ಅಪ್ಪ ಲತೇಶನದು. ಈಗ ಗಂಟೆ ನಾಲ್ಕಾಗುತ್ತ ಬಂತು. ನಾಲ್ಕಕ್ಕೆ ನಮ್ಮ ಅಡುಗೆಮನೆಯಲ್ಲಿ ನಾಳೆಯ ಉದ್ದಿನಬೇಳೆ ನೀರಿಗೆ ಬೀಳಬೇಕು. ಎಷ್ಟು ಬೀಳಬೇಕು ಎನ್ನುವುದು ಅವನ ಪ್ರಶ್ನೆ.

ಇರಲಿ. ಮೊದಲು ಪಾಠ. ನಾಲ್ಕನೇ ತರಗತಿಯಲ್ಲಿ ದೊಡ್ಡ ಸಂಖ್ಯೆಗಳಿವೆ, ಉದ್ದನೆಯ ಭಾಗಾಕಾರವಿದೆ, ಭಿನ್ನರಾಶಿ ಇದೆ, ನಕ್ಷೆ ಓದುವುದಿದೆ. ಇವೆಲ್ಲ ನಮ್ಮ ಕಾಲದಲ್ಲೂ ಇದ್ದವು, ಜೊತೆಗೆ ಬೆತ್ತವೂ ಇತ್ತು. ಈಗ ಬೆತ್ತ ಹೋಗಿ ಅಂದಾಜು ಬಂದಿದೆ. ಮೇಡಂ ಒಂದು ಪುಸ್ತಕ ಮಾಡಿಸಿದ್ದಾರೆ. ಅದರಲ್ಲಿ ಎರಡು ಕಾಲಂ. ಎಡಕ್ಕೆ ಅಂದಾಜು, ಬಲಕ್ಕೆ ಅಳತೆ. ಮಂಚ ಎಷ್ಟು ಗೇಣು? ಬಾಗಿಲಿನಿಂದ ಲಿಫ್ಟಿಗೆ ಎಷ್ಟು ಹೆಜ್ಜೆ? ಒಂದು ಬಕೆಟ್ಟಿಗೆ ಎಷ್ಟು ಲೋಟ ನೀರು? ಮೊದಲು ಮನಸ್ಸಿಗೆ ತೋಚಿದ್ದನ್ನು ಬರೆಯಬೇಕು, ಆಮೇಲೆ ಅಳೆದು ಬರೆಯಬೇಕು.

ಒಂದು ರಾತ್ರಿ ಹರ್ಷಿಣಿ ಇಂಥ ಹನ್ನೊಂದನ್ನು ಬರೆದು ಮುಗಿಸಿ ಮಲಗಿದಳು. ಬೆಳಿಗ್ಗೆ ಪುಸ್ತಕ ತೆರೆದು ನೋಡಿದೆ. ಬಕೆಟ್ಟಿಗೆ ಅಂದಾಜು ನಲವತ್ತು ಲೋಟ, ಅಳತೆ ಎಪ್ಪತ್ತೆರಡು. ಲಿಫ್ಟಿಗೆ ಅಂದಾಜು ಹತ್ತು ಹೆಜ್ಜೆ, ಅಳತೆ ಇಪ್ಪತ್ತಮೂರು. ಒಂದಾದರೂ ತಾಳೆಯಾಗಬೇಕಲ್ಲ? ಎಡಕ್ಕೂ ಬಲಕ್ಕೂ ತಾಳೆಯಾಗದ ಪುಟವನ್ನು ನೋಡಿದರೆ ನನಗೆ ಕಾಫಿ ಇಳಿಯುವುದಿಲ್ಲ. ಅವಳ ಕಂಪಾಸು ಪೆಟ್ಟಿಗೆಯಿಂದ ರಬ್ಬರು ತೆಗೆದೆ. ಹನ್ನೊಂದು ಅಂದಾಜುಗಳನ್ನೂ ಉಜ್ಜಿ, ಅಳತೆಯಲ್ಲಿ ಏನಿತ್ತೋ ಅದನ್ನೇ ಎಡಕ್ಕೂ ಬರೆದೆ. ಅವಳ ಅಕ್ಷರದ ಹಾಗೇ ಸ್ವಲ್ಪ ಸೊಟ್ಟಗೆ. ಆಮೇಲೆ ಕಾಫಿ ಕುಡಿದೆ.

ಮೂರನೆಯ ದಿನ ಶಾಲೆಯಿಂದ ಕರೆ. ಬಂದು ಕುಳಿತೆ. ಮೇಡಂ ಪುಸ್ತಕವನ್ನು ನನ್ನ ಮುಂದೆ ಸರಿಸಿದರು.

"ಸುಧಾಕರ್ ಅವರೇ, ಇಪ್ಪತ್ತೆರಡು ವರ್ಷದಿಂದ ಕಲಿಸ್ತಾ ಇದ್ದೀನಿ. ಹನ್ನೊಂದಕ್ಕೆ ಹನ್ನೊಂದು ಅಂದಾಜು ಸರಿಹೋದ ಮಗುವನ್ನ ಇದೇ ಮೊದಲು ನೋಡ್ತಿರೋದು. ಎಪ್ಪತ್ತೆರಡು ಲೋಟ ಅಂತ ಯಾವ ಮಗು ಅಂದಾಜು ಮಾಡುತ್ತೆ, ಹೇಳಿ?"

ಮೇಡಂ ಬಕೆಟ್ಟಿನ ಸಾಲಿನ ಮೇಲೆ ಬೆರಳಿಟ್ಟರು, ಉಜ್ಜಿದ ನಲವತ್ತು ಅಲ್ಲಿ ಇನ್ನೂ ಮಸುಕಾಗಿ ಕಾಣುತ್ತಿತ್ತು.

"ನನಗೆ ಬೇಕಾಗಿದ್ದು ಆ ನಲವತ್ತು. ನಲವತ್ತು ಅಂದುಕೊಂಡಿದ್ದು ಎಪ್ಪತ್ತೆರಡು ಆಯ್ತಲ್ಲ, ಆ ನಡುವೆ ಇರೋದೇ ಪಾಠ. ಅದನ್ನ ನೀವು ಉಜ್ಜಿಬಿಟ್ರಿ."

ಹರ್ಷಿಣಿ ಪಕ್ಕದಲ್ಲೇ ನಿಂತಿದ್ದಳು. ದೆಹಲಿಯ ಮಗು, ಸಿಟ್ಟು ಬಂದರೆ ಹಿಂದಿ ಬರುತ್ತದೆ. "ಅಜ್ಜ, ವೋ ಮೇರಾ ಗೆಸ್ ಥಾ. ನನ್ನ ಗೆಸ್ ನೀವು ಯಾಕೆ ಅಳಿಸಿದ್ರಿ?" ಎಂದಳು.

ನಾನು ನೆರವಾದೆನೆಂದುಕೊಂಡಿದ್ದೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ಆ ರಾತ್ರಿ ನನ್ನ ಹೆಂಡತಿ ಲೋಲಾಕ್ಷಿಗೆ ಇದನ್ನು ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ. "ಲತೇಶನಿಗೂ ನೀವು ಇದನ್ನೇ ಮಾಡಿದ್ದು" ಎಂದಳು.

ಮಾಡಿದ್ದೆನೇ? ಹೌದು, ಮಾಡಿದ್ದೆ. ತೊಂಬತ್ತನಾಲ್ಕನೆಯ ಇಸವಿ. ಲತೇಶ ನಾಲ್ಕನೇ ತರಗತಿ. ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಕುಳಿತು ಭಾಗಾಕಾರ ಮಾಡುತ್ತಿದ್ದ. ಮಾಡುತ್ತಿದ್ದ ಎಂದರೆ, ಸಾಂಬಾರಿನ ಬಕೆಟ್ಟು ಮೂರು ಸುತ್ತು ಬಂದರೂ ಅವನು ಅದೇ ಸಾಲಿನಲ್ಲಿರುತ್ತಿದ್ದ. ಗಿರಾಕಿಗಳು ಕಾಯುತ್ತಿದ್ದಾರೆ, ಟೇಬಲ್ಲು ಖಾಲಿಯಾಗಬೇಕು. ನಾನು ಹಾದುಹೋಗುವಾಗ ಅವನ ಕೈಯಿಂದ ಪೆನ್ಸಿಲು ತೆಗೆದುಕೊಂಡು, ನಿಂತಲ್ಲೇ ಉತ್ತರ ಬರೆದು, ಹೋಗುತ್ತಿದ್ದೆ. ದಿನಾ. ಪರೀಕ್ಷೆಯ ಹೊತ್ತಿಗೆ ಅವನು ಏನು ಮಾಡುತ್ತಿದ್ದ ಗೊತ್ತೇ? ಪೆನ್ಸಿಲನ್ನು ಚೂಪಾಗಿ ಕೆತ್ತಿ, ನನ್ನ ಕೈಗೆ ಸಿಗುವಂತೆ ಟೇಬಲ್ಲಿನ ಅಂಚಿಗೆ ಇಟ್ಟು, ಕಾಯುತ್ತಿದ್ದ. ಎಷ್ಟು ಶಿಸ್ತಿನ ಹುಡುಗ ಎಂದು ನಾನು ಹಿಗ್ಗಿದ್ದೆ.

ಈಗ ಅವನಿಗೆ ನಲವತ್ತೊಂದು. ಹದಿನೆಂಟು ವರ್ಷಗಳಿಂದ ಅಡುಗೆಮನೆ ಅವನದೇ. ಅವನ ಕೈಯ ಚಟ್ನಿ ನನಗೂ ಬರುವುದಿಲ್ಲ. ಆದರೆ ದಿನಾ ಮಧ್ಯಾಹ್ನ ನಾಲ್ಕಕ್ಕೆ, ಮಳೆಯಿರಲಿ ಬಿಸಿಲಿರಲಿ, "ಅಪ್ಪ, ಇವತ್ತು ಉದ್ದು ಎಷ್ಟು ಹಾಕ್ಲಿ?"

ನಡುಗಿತು. ಎರಡನೆಯ ಸಲ. ಕ್ಷಮಿಸಿ.

ನಾನೇನು ಹುಟ್ಟುವಾಗಲೇ ಉದ್ದಿನ ಲೆಕ್ಕ ಕಲಿತು ಬಂದವನೇ? ಎಂಬತ್ತೊಂದರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದೆ. ಸೋದರಮಾವ ಇಂದುಶೇಖರ ಅವರದು ಆರ್.ಕೆ.ಪುರಂನಲ್ಲಿ ಆರು ಟೇಬಲ್ಲಿನ ಹೋಟೆಲು. ಸುತ್ತ ಸರ್ಕಾರಿ ಕ್ವಾರ್ಟರ್ಸು. ಭಾನುವಾರ ಬೆಳಿಗ್ಗೆ ಕ್ವಾರ್ಟರ್ಸಿನ ಕನ್ನಡದ ಸಂಸಾರಗಳೆಲ್ಲ ಸ್ವೆಟರು, ಮಫ್ಲರು ಸುತ್ತಿಕೊಂಡು ಬರುತ್ತಿದ್ದವು. ಇಡ್ಲಿಯ ಹಬೆಗೆ ಕೈ ಕಾಯಿಸಿಕೊಂಡು ಊರಿನ ಸುದ್ದಿ ಕೇಳುತ್ತಿದ್ದರು. ಯಾರ ಊರಾದರೂ ಸರಿ, ಸುದ್ದಿ ಇದ್ದರೆ ಸಾಕು. ಅಧ್ಯಕ್ಷರೇ, ನೀವೂ ಬರುತ್ತಿದ್ದಿರಿ. ಆಗ ನಿಮ್ಮ ತಲೆ ತುಂಬ ಕೂದಲಿತ್ತು.

ಬಂದ ಮೊದಲ ಜನವರಿಯಲ್ಲಿ, ಒಂದು ಶನಿವಾರ ಮಾವ ಕೇಳಿದರು, "ಸುಧಾಕರ, ಇವತ್ತು ಎಷ್ಟು?" ನನಗೇನು ಗೊತ್ತು? ಗೊತ್ತಿಲ್ಲ ಎನ್ನಲು ನಾಚಿಕೆ. ದಿನದ ಎರಡರಷ್ಟು ಹಾಕಿಬಿಟ್ಟೆ. ದೆಹಲಿಯ ಚಳಿಯಲ್ಲಿ ಹಿಟ್ಟು ಉಬ್ಬಬೇಕಾದರೆ ಕಂಬಳಿ ಹೊದಿಸಿ ಒಲೆಯ ಪಕ್ಕದಲ್ಲಿ ಮಲಗಿಸಬೇಕು. ಅದೂ ಗೊತ್ತಿರಲಿಲ್ಲ. ಬೆಳಿಗ್ಗೆ ಹೊರಗೆ ಮಂಜು, ಎದುರಿನ ಕ್ವಾರ್ಟರ್ಸೇ ಕಾಣುತ್ತಿಲ್ಲ. ಒಳಗೆ ಪಾತ್ರೆ ಪಾತ್ರೆ ಹಿಟ್ಟು, ಒಂದು ಬೆರಳು ಮೇಲೆ ಬಂದಿಲ್ಲ. ಮಾವ ಅದರಲ್ಲೇ ಇಡ್ಲಿ ಬೇಯಿಸಿ, ಎರಡು ತಾವೇ ತಿಂದರು. ನಿಧಾನವಾಗಿ ಅಗಿದರು. ಅಗಿಯಬೇಕಾಗಿತ್ತು. ಉಳಿದ ಹಿಟ್ಟಿಗೆ ಈರುಳ್ಳಿ ಹಾಕಿ ಎರಡು ದಿನ ನಾವೆಲ್ಲ ಉತ್ತಪ್ಪ ತಿಂದೆವು. ಅವರು ಒಂದೇ ಒಂದು ಮಾತು ಆಡಲಿಲ್ಲ. ಬೈದಿದ್ದರೆ ನಾನು ಊರಿನ ರೈಲು ಹತ್ತುತ್ತಿದ್ದೆ. ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದು ಮತ್ತೆ ನನ್ನನ್ನೇ ಕೇಳಿದರು. "ಸುಧಾಕರ, ಇವತ್ತು ಎಷ್ಟು?"

ನನ್ನನ್ನೇ ಕೇಳಿದರು, ಸಭಿಕರೇ. ಇಷ್ಟು ವರ್ಷಗಳಾದ ಮೇಲೂ ಆ ದನಿ ಕಿವಿಯಲ್ಲಿದೆ. ಆ ಹೋಟೆಲು ಈಗಿಲ್ಲ, ಮಾವನೂ ಇಲ್ಲ. ಆ ಜಾಗದಲ್ಲಿ ಮೊಬೈಲು ರಿಪೇರಿಯ ಅಂಗಡಿ ಇದೆ. ಆ ಕಡೆ ಹೋದಾಗಲೆಲ್ಲ ನಾಲ್ಕು ಗಂಟೆಯಾಯಿತೇ ಎಂದು ಗಡಿಯಾರ ನೋಡುತ್ತೇನೆ.

ಒಂದು ಸಂಗತಿ ಈಗ, ಈ ಮೈಕಿನ ಮುಂದೆ ನಿಂತಾಗ ಹೊಳೆಯಿತು. ಈ ಕಥೆಯನ್ನು ನಾನು ಲತೇಶನಿಗೆ ಎಂದೂ ಹೇಳಿಲ್ಲ. ಅವನಿಗೆ ನಾನು ಹೇಳಿದ್ದೆಲ್ಲ ಸರಿಯಾದ ಉತ್ತರಗಳನ್ನೇ. ಉಬ್ಬದ ಹಿಟ್ಟಿನ ವಿಷಯ ಉಜ್ಜಿಬಿಟ್ಟಿದ್ದೆ.

ಲೋಲಾಕ್ಷಿ ಎರಡನೆಯ ಸಾಲಿನಿಂದ ಗಡಿಯಾರ ತೋರಿಸುತ್ತಿದ್ದಾಳೆ. ಮುಗಿಸುತ್ತೇನೆ. ಮನೆಯವರು ಹೇಗೆ ನೆರವಾಗಬಹುದು? ನನ್ನ ಅನುಭವದಲ್ಲಿ, ಕೈ ಕಟ್ಟಿಕೊಂಡು. ಹರ್ಷಿಣಿಯನ್ನು ತರಕಾರಿಯವನ ಬಳಿಗೆ ಕರೆದುಕೊಂಡು ಹೋಗುತ್ತೇನೆ. ಎಲೆಕೋಸನ್ನು ಎರಡೂ ಕೈಯಲ್ಲಿ ಎತ್ತಿ ಅವಳು ತೂಕ ಹೇಳಬೇಕು, ಆಮೇಲೆ ತಕ್ಕಡಿ. ಮೊನ್ನೆ ಆ ಭಯ್ಯಾ, "ಬಾಬೂಜಿ, ತೌಲ್ ಲೂಂ ಯಾ ಸ್ಕೂಲ್ ಚಲೇಗಾ?" ಎಂದ. ತೂಗಿಬಿಡಲೇ, ಇಲ್ಲ ಪಾಠ ನಡೆಯುತ್ತದೆಯೇ ಎಂದು ಅವನ ಪ್ರಶ್ನೆ. ಪಾಠವೇ ಚಲೇಗಾ ಎಂದೆ. ಅವಳು ಅರ್ಧ ಕಿಲೋ ಎಂದಳು, ಒಂದು ಕಿಲೋ ಇನ್ನೂರು ಗ್ರಾಂ ಇತ್ತು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಅರವತ್ತೇಳರಲ್ಲಿ ನುಂಗುವುದು ಸುಲಭವಲ್ಲ. ಮೂರನೆಯ ಎಲೆಕೋಸಿಗೆ ಅವಳು ತಕ್ಕಡಿಗೆ ಹತ್ತಿರ ಬಂದಳು.

ಇವತ್ತು ಇಲ್ಲಿಗೆ ಹೊರಡುವಾಗ ಲತೇಶನಿಗೆ ಹೇಳಿದೆ, "ನಾಳೆಯ ಉದ್ದು ನೀನೇ ನೋಡು, ನನ್ನನ್ನು ಕೇಳಬೇಡ." "ಅಚ್ಛಾ, ಆಯ್ತಪ್ಪ. ಆದ್ರೂ ಸುಮಾರು ಎಷ್ಟು?" ಎಂದ. ಉತ್ತರ ಕೊಡದೆ ಮೆಟ್ರೋ ಹತ್ತಿದೆ. ನಾಳೆ ಭಾನುವಾರ, ಜನವರಿಯ ಚಳಿ, ಹೋಟೆಲು ತುಂಬುವ ದಿನ. ಕಡಿಮೆ ಹಾಕಿದರೆ ಹತ್ತು ಗಂಟೆಗೇ ಬಾಗಿಲು ಹಾಕಬೇಕು. ಹೆಚ್ಚು ಹಾಕಿದರೆ ಉತ್ತಪ್ಪ.

ಫೋನು ಎರಡು ಸಲ ನಡುಗಿತು. ಮೂರನೆಯದಕ್ಕೆ ಕಾಯುತ್ತಲೇ ನಾನು ಇಷ್ಟೆಲ್ಲ ಮಾತನಾಡಿದೆ. ಬರಲಿಲ್ಲ. ನಾಲ್ಕು ದಾಟಿ ಹತ್ತು ನಿಮಿಷವಾಯಿತು. ಅಂದರೆ ಬೇಳೆ ನೀರಿಗೆ ಬಿದ್ದಿದೆ. ಎಷ್ಟು ಎಂದು ನನಗೆ ಗೊತ್ತಿಲ್ಲ. ನನ್ನ ಹೋಟೆಲಿನಲ್ಲಿ ನಾಳೆಯ ಹಿಟ್ಟು ಎಷ್ಟೆಂದು ನನಗೆ ಗೊತ್ತಿಲ್ಲದ ಮೊದಲ ಶನಿವಾರ ಇದು.

ನನಗೆ ಎಷ್ಟು ಅನ್ನಿಸುತ್ತದೆ ಎನ್ನುವುದನ್ನು ಸಭೆ ಶುರುವಾಗುವ ಮೊದಲೇ ಹರ್ಷಿಣಿಯ ಪುಸ್ತಕದಲ್ಲಿ, ಅಂದಾಜಿನ ಕಾಲಂನಲ್ಲಿ ಬರೆದಿದ್ದೇನೆ. ಪಕ್ಕದ ಕಾಲಂ ನಾಳೆ ಅವಳ ಅಪ್ಪ ತುಂಬುತ್ತಾನೆ. ಪೆನ್ಸಿಲು ಹುಡುಕುತ್ತಿದ್ದಾಗ ಅವಳು ಬೇಡ ಎಂದು ತಲೆಯಾಡಿಸಿ, ನನ್ನ ಕೈಗೆ ಪೆನ್ನು ಕೊಟ್ಟಳು.

ನನ್ನ ತಪ್ಪಿಗೆ ಮೈಕು ಕೊಟ್ಟ ಲೀಲಾವತಿ ಮೇಡಂ ಅವರಿಗೆ, ಕೂದಲಿನ ಮಾತನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲರಿಗೂ ಋಣಿಯಾಗಿದ್ದೇನೆ. ನಾಳೆ ಬೆಳಿಗ್ಗೆ ಬನ್ನಿ. ಇಡ್ಲಿ ಇದ್ದರೆ ಇಡ್ಲಿ, ಇಲ್ಲದಿದ್ದರೆ ಉತ್ತಪ್ಪ. ಎರಡೂ ನನ್ನ ಮಗನ ಲೆಕ್ಕ. ನಮಸ್ಕಾರ.